ಸಾಲು ತಾನಾಗಿ ಇಳಿಯುತ್ತದೆ

ಜುಲೈ ೮

ಗುಬ್ಬಿಗೆ,

ಕಾಗದ ಬಿಡಿಸಿದ ಕೂಡಲೇ ಕಣ್ಣರಳಿಸಿರುತ್ತೀಯ. ಹೌದು, ಇದು ಕೈಬರಹವಲ್ಲ, ಟೈಪ್‌ರೈಟರಿನದೂ ಅಲ್ಲ. ನಿನ್ನ ಅಕ್ಕ ಕಂಪ್ಯೂಟರಿನಲ್ಲಿ ಟೈಪು ಮಾಡಿ ಪ್ರಿಂಟು ತೆಗೆದ ಮೊದಲ ಕಾಗದ. ಜೋಪಾನವಾಗಿ ಇಟ್ಟುಕೋ.

ಶಾಲೆ ತೆರೆದ ದಿನವೇ ಹೆಡ್‌ಮಾಸ್ತರು ನನ್ನ ಟೈಪ್‌ರೈಟರುಗಳನ್ನೆಲ್ಲ ಉಗ್ರಾಣಕ್ಕೆ ಸಾಗಿಸಿದರು. ಅದೇ ಕೊಠಡಿಗೆ ಹನ್ನೆರಡು ಕಂಪ್ಯೂಟರು ಬಂದು ಕೂತವು. "ಇಪ್ಪತ್ತೆರಡು ವರ್ಷ ಟೈಪಿಂಗ್ ಹೇಳಿಕೊಟ್ಟಿದ್ದೀರಿ, ಇದನ್ನೂ ನೀವೇ ಹೇಳಿಕೊಡಿ. ಈ ವರ್ಷ ನೋಡೋಣ" ಎಂದರು. ಆ 'ನೋಡೋಣ'ದ ಅರ್ಥವನ್ನು ಗುಮಾಸ್ತರು ಬಿಡಿಸಿ ಹೇಳಿದರು. ಮಾರ್ಚಿಯಲ್ಲಿ ಹೊರಗಿನಿಂದ ಪರೀಕ್ಷಕರು ಬರುತ್ತಾರೆ. ಒಂಬತ್ತನೆಯ ತರಗತಿಯ ಮೂವತ್ತಾರು ಮಕ್ಕಳು ಅವರ ಮುಂದೆ ಕೆಲಸ ಮಾಡಿ ತೋರಿಸಬೇಕು. ಮಕ್ಕಳು ಪಾಸಾದರೆ ಕೊಠಡಿ ನನ್ನದು. ಇಲ್ಲದಿದ್ದರೆ ಮುಂದಿನ ವರ್ಷ ಯಾವುದೋ ಕಂಪನಿಯವರು ಬಂದು ಪಾಠ ಮಾಡುತ್ತಾರೆ, ನಾನು ಗ್ರಂಥಾಲಯದಲ್ಲಿ ಕೂತು ಪುಸ್ತಕಗಳಿಗೆ ಮೊಹರು ಒತ್ತುತ್ತೇನೆ.

ಹೆದರಬೇಡ. ಮೂರು ವಾರದ ತರಬೇತಿ ಮುಗಿಸಿಕೊಂಡು ಬಂದಿದ್ದೇನೆ. ಎಲ್ಲಾ ಅದೇ ಕೀ, ಅದೇ ಬೆರಳು. ನಿನಗೆ ಕಲಿಸಿದ ಹಾಗೆಯೇ ಈ ಮಕ್ಕಳಿಗೂ ಕೈಮೇಲೆ ಟವೆಲ್ ಹೊದಿಸಿ ಕಲಿಸುತ್ತಿದ್ದೇನೆ. ಕೀ ನೋಡಿ ಟೈಪು ಮಾಡುವವರು ನನ್ನ ಕ್ಲಾಸಿನಲ್ಲಿ ಬೇಡ.

ಈ ಯಂತ್ರದ ದೋಷ ಒಂದೇ. ಸಾಲು ಮುಗಿಯುವಾಗ ಟೈಪ್‌ರೈಟರಿನ ಹಾಗೆ ಗಂಟೆ ಬಾರಿಸುವುದಿಲ್ಲ. ಗಂಟೆ ಇಲ್ಲದಿದ್ದರೆ ಮಕ್ಕಳಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯುವುದು ಹೇಗೆ? ಅದಕ್ಕೆ ಹನ್ನೆರಡು ಪರದೆಗಳ ಬಲಗಡೆಯಲ್ಲೂ ಮೇಲಿಂದ ಕೆಳಗೆ ಕೆಂಪು ಪಟ್ಟಿ ಅಂಟಿಸಿದೆ. ಅಕ್ಷರ ಪಟ್ಟಿ ಮುಟ್ಟಿತೋ, ಬಲಗೈ ಕಿರುಬೆರಳಿನಿಂದ ಎಂಟರ್ ಒತ್ತು, ಮುಂದಿನ ಸಾಲಿಗೆ ಹೋಗು. ಹನ್ನೆರಡು ಕಿರುಬೆರಳು ಒಟ್ಟಿಗೆ ಬೀಳುವ ಸದ್ದು ಕೇಳಬೇಕು ನೀನು.

ಒಬ್ಬಳು ಮಾತ್ರ ತಲೆನೋವು. ಬಾಯಿ ತೆರೆದರೆ ಪ್ರಶ್ನೆ. 'ಪ್ರಶ್ನೆಪತ್ರಿಕೆ' ಎಂದೇ ಹೆಸರಿಟ್ಟಿದ್ದೇನೆ. "ಮಿಸ್, ಒತ್ತದಿದ್ರೂ ಅದೇ ಕೆಳಗೆ ಹೋಗುತ್ತಲ್ಲ, ನಾವ್ಯಾಕೆ ಒತ್ತಬೇಕು?" ಎಂದಳು. "ಎಲ್ಲಾ ಅದೇ ಮಾಡೋದಾದ್ರೆ ನೀನ್ಯಾಕಮ್ಮ ಇಲ್ಲಿ?" ಎಂದು, ಅದೇ ಪುಟವನ್ನು ಮೂರು ಸಲ ಟೈಪು ಮಾಡಿಸಿದೆ.

ಐದು ವರ್ಷದ ಹಿಂದೆ ನೀನು "ಟೈಪ್‌ರೈಟರ್ ಕಾಲ ಮುಗೀತು ಅಕ್ಕಾ, ಬೇರೆ ಏನಾದ್ರೂ ಕಲಿ" ಅಂದೆ. ನಾನು ಎರಡು ವರ್ಷ ನಿನ್ನ ಜೊತೆ ಮಾತು ಬಿಟ್ಟೆ. ಈಗ ನೀನು ಗೆದ್ದೆ ಎಂದು ಬೀಗಬೇಡ. ನಿನ್ನ ಹೆಂಡತಿಗೆ ಕೇಳಿದೆ ಎಂದು ಹೇಳು.

ಅಕ್ಕ

ಜುಲೈ ೧೯

ಅಕ್ಕನಿಗೆ ಗುಬ್ಬಿಯ ನಮಸ್ಕಾರ.

ನಿನ್ನ ಕಾಗದ ಬಂದಾಗ ಪ್ರೆಸ್ಸಿನಲ್ಲಿ ಒಂದು ಬಿಲ್ ಪುಸ್ತಕದ ಪುಟ ಜೋಡಿಸುತ್ತಿದ್ದೆ. ಯಜಮಾನರಿಗೂ ತೋರಿಸಿದೆ. "ನಿಮ್ಮಕ್ಕ ಟೈಪ್ ಮಾಡಿದ್ದಾ? ಒಂದೂ ತಪ್ಪಿಲ್ವಲ್ಲಯ್ಯಾ!" ಎಂದರು. ನಿಜವಾಗಿಯೂ ಒಂದು ಅಕ್ಷರ ತಪ್ಪಿಲ್ಲ. ಹದಿನಾಲ್ಕು ವರ್ಷದಿಂದ ಕಂಪ್ಯೂಟರಿನ ಮುಂದೆ ಕೂತಿರುವ ನಾನು ಒಂದು ಪುಟಕ್ಕೆ ಮೂರು ತಪ್ಪು ಮಾಡುತ್ತೇನೆ.

ಕೆಂಪು ಪಟ್ಟಿಯ ಉಪಾಯ ಬೇರೆ ಯಾರಿಗೂ ಹೊಳೆಯುವಂಥದ್ದಲ್ಲ. ಆದರೆ, ಆ ಹುಡುಗಿ ಹೇಳಿದ ಹಾಗೆ ಒಂದು ಸಲ ಬಿಟ್ಟು ನೋಡಬಹುದಿತ್ತೇನೋ. ಸುಮ್ಮನೆ, ಏನಾಗುತ್ತದೆಂದು ನೋಡುವುದಕ್ಕೆ. ಬಿಡು, ಪಾಠ ನಿನ್ನದು, ನಾನು ಹೇಳುವುದೇನಿದೆ.

ಒಂದು ಬೇಡಿಕೆ ಇದೆ. ಈಚೆಗೆ ನನಗೆ ಸಣ್ಣ ಅಕ್ಷರ ಸ್ವಲ್ಪ ಮಂಜು ಮಂಜು. ಮುಂದಿನ ಕಾಗದವನ್ನು ಪೂರ್ತಿ ಟೈಪು ಮಾಡಿ ಮುಗಿಸಿದ ಮೇಲೆ ಅಕ್ಷರದ ಗಾತ್ರವನ್ನು ಹದಿನಾರಕ್ಕೆ ಏರಿಸು. ಮುಗಿಸಿದ ಮೇಲೆ, ಮೊದಲಲ್ಲ. ನಿನ್ನ ತಮ್ಮನ ಕಣ್ಣಿಗಾಗಿ ಅಷ್ಟು ಮಾಡು.

ಇವಳು ಅತ್ತಿಗೆಗೆ ನಮಸ್ಕಾರ ಹೇಳಿದ್ದಾಳೆ.

ಗುಬ್ಬಿ

ಸೆಪ್ಟೆಂಬರ್ ೨

ಗುಬ್ಬಿಗೆ,

ಕಣ್ಣು ಮಂಜು ಎಂದು ಓದಿ ಎದೆ ಧಸಕ್ಕೆಂದಿತು. ಅಪ್ಪನಿಗೂ
ಹೀಗೇ
ಶುರುವಾಗಿದ್ದು. ನಾಳೆಯೇ ಕಣ್ಣಿನ ಡಾಕ್ಟರ ಹತ್ತಿರ
ಹೋಗು.
ಪ್ರೆಸ್ಸಿಗೆ ರಜೆ ಹಾಕು. ಯಜಮಾನರು ಬೇಡ ಅಂದರೆ ನಾನು
ಬರೆಯುತ್ತೇನೆ ಅವರಿಗೆ.
ಮಕ್ಕಳು ಚೆನ್ನಾಗಿ ಕಲಿಯುತ್ತಿದ್ದಾರೆ. ಟವೆಲ್ ಕೆಳಗೇ ನಿಮಿಷಕ್ಕೆ
ಮೂವತ್ತು ಪದ.
ಕೊಠಡಿಗೆ ಬಂದ ಹೆಡ್‌ಮಾಸ್ತರು ಬಾಗಿಲಲ್ಲೇ ನಿಂತುಬಿಟ್ಟರು.

(ಇಲ್ಲಿಂದ ಕೈಬರಹ.) ನೋಡಿದೆಯಾ ಈ ಅವತಾರ? ಟೈಪು ಮಾಡುವಾಗ ಸಾಲು ಸಾಲಾಗಿ ಅಚ್ಚುಕಟ್ಟಾಗಿತ್ತು. ನಿನ್ನ ಕಣ್ಣಿಗೆಂದು ಗಾತ್ರ ದೊಡ್ಡದು ಮಾಡಿದ್ದೇ ತಡ, ಒಂದು ಸಾಲು ಉದ್ದ, ಒಂದು ಗಿಡ್ಡ, ಕುಂಟಿಕೊಂಡು ಹೋಗುತ್ತಿದೆ. ಯಂತ್ರವೇ ಸರಿಯಿಲ್ಲ. ರಿಪೇರಿಯವನು ತಿಂಗಳಿಗೊಮ್ಮೆ ಬರುತ್ತಾನೆ, ಬಂದಾಗ ನಾನು ಬೇರೆ ಕ್ಲಾಸಿನಲ್ಲಿರುತ್ತೇನೆ. ಅಕ್ಷರದ ಗಾತ್ರವನ್ನು ಯಾರೂ ಮುಟ್ಟಕೂಡದು ಎಂದು ಮಕ್ಕಳಿಗೆ ಕಟ್ಟಪ್ಪಣೆ ಮಾಡಿದ್ದೇನೆ. ಮುಟ್ಟದಿದ್ದರೆ ಕೆಡುವುದಿಲ್ಲ.

ಡಾಕ್ಟರ ಹತ್ತಿರ ಹೋಗಿ ಬಂದು ಬರೆ.

ಅಕ್ಕ

ಸೆಪ್ಟೆಂಬರ್ ೧೬

ಅಕ್ಕನಿಗೆ,

ನಿನ್ನ ಕಾಗದವನ್ನು ಇವಳು ಮೊದಲು ಬಿಡಿಸಿದಳು. ಗಟ್ಟಿಯಾಗಿ ಓದಿ, "ಅತ್ತಿಗೆ ಕವಿತೆ ಬರೆಯೋಕೆ ಶುರು ಮಾಡಿದ್ದಾರಾ?" ಎಂದಳು. ಪ್ರಾಸ ಹುಡುಕಿದಳಂತೆ, ಸಿಗಲಿಲ್ಲವಂತೆ. "ಹೀಗೇ/ ಶುರುವಾಗಿದ್ದು" ಎಂಬಲ್ಲಿ ನಿಲ್ಲಿಸಿ, ಬಹಳ ಚೆನ್ನಾಗಿದೆ ಎಂದಳು. ಕೋಪ ಮಾಡಿಕೊಳ್ಳಬೇಡ, ನಾವಿಬ್ಬರೂ ಬಹಳ ನಕ್ಕೆವು.

ಯಂತ್ರ ಸರಿಯಿಲ್ಲ ಎಂದು ಬರೆದಿದ್ದೀಯ. ಇರಬಹುದು. ಹನ್ನೆರಡೂ ಹಾಗೇ ಮಾಡುತ್ತವೆಯೇ ಎಂದು ನೋಡು. ಮತ್ತೆ, ಬಿಡುವಾದಾಗ, ತಮಾಷೆಗೆ, ಸಾಲಿನ ಕೊನೆಯಲ್ಲಿ ಏನೂ ಒತ್ತದೆ ನಾಲ್ಕು ಸಾಲು ಟೈಪು ಮಾಡಿ, ಆಮೇಲೆ ಗಾತ್ರ ಬದಲಿಸಿ ನೋಡು. ತಮಾಷೆಗೆ ಅಷ್ಟೆ.

ಕಣ್ಣು ಪರವಾಗಿಲ್ಲ.

ಗುಬ್ಬಿ

ಜನವರಿ ೧೧

ಗುಬ್ಬಿಗೆ,

ನಾಲ್ಕು ತಿಂಗಳು ಬರೆಯಲಿಲ್ಲ. ಬಿಡುವಿರಲಿಲ್ಲ, ಇನ್ನು ತಮಾಷೆಗೆಲ್ಲಿ ಬಿಡುವು.

ಮೊನ್ನೆ ಪರೀಕ್ಷೆಯ ಕ್ರಮ ಬಂತು. ಮಾರ್ಚಿ ಹತ್ತರಂದು ಪರೀಕ್ಷಕರು ಬರುತ್ತಾರೆ. ಮಕ್ಕಳು ಕೊಟ್ಟ ಎರಡು ಪ್ಯಾರಾ ಟೈಪು ಮಾಡಬೇಕು. ಒಂದು ಸಣ್ಣ ಕೋಷ್ಟಕ ಹಾಕಬೇಕು. ಫೈಲಿಗೆ ಹೆಸರು ಕೊಟ್ಟು ಉಳಿಸಬೇಕು. ಇದೆಲ್ಲ ನಮ್ಮ ಮಕ್ಕಳಿಗೆ ನೀರು ಕುಡಿದಷ್ಟು ಸುಲಭ. ಕೊನೆಯದನ್ನು ಇದ್ದ ಹಾಗೇ ಬರೆಯುತ್ತೇನೆ: "ಅಕ್ಷರದ ಗಾತ್ರವನ್ನು ಹನ್ನೆರಡರಿಂದ ಹದಿನಾರಕ್ಕೆ ಏರಿಸಿ, ಪುಟದ ಅಂಚನ್ನು ಬದಲಿಸಿ ತೋರಿಸತಕ್ಕದ್ದು. ಸಾಲುಗಳು ಒಡೆದಿದ್ದಲ್ಲಿ ಇಡೀ ಪ್ಯಾರಾಕ್ಕೆ ಅಂಕ ಇರುವುದಿಲ್ಲ." ಒಟ್ಟು ಅಂಕದಲ್ಲಿ ಅರ್ಧ ಅದಕ್ಕೇ.

ಹನ್ನೆರಡು ಯಂತ್ರಗಳಲ್ಲೂ ಏರಿಸಿ ನೋಡಿದೆ ಗುಬ್ಬಿ. ಹನ್ನೆರಡೂ ಕುಂಟುತ್ತವೆ. ಹೆಡ್‌ಮಾಸ್ತರಿಗೆ ಹೇಳಿದೆ. "ಹನ್ನೆರಡೂ ಹೊಸವು ಮೇಡಂ" ಎಂದಷ್ಟೇ ಹೇಳಿ ಮುಖ ನೋಡಿದರು. ಅವರು ನೋಡಿದ ರೀತಿ ನನಗೆ ಹಿಡಿಸಲಿಲ್ಲ.

ನಿಮ್ಮ ಪ್ರೆಸ್ಸಿನ ಯಂತ್ರಗಳೂ ಹೀಗೆಯೇ ಮಾಡುತ್ತವೆಯೇ? ಸುಮ್ಮನೆ ಕೇಳಿದೆ. ಎರಡು ದಿನದಿಂದ ಊಟ ರುಚಿಸುತ್ತಿಲ್ಲ. ಮೊಹರು ಒತ್ತುವುದಕ್ಕೆ ನನಗೇನೂ ನಾಚಿಕೆಯಿಲ್ಲ. ಆದರೆ ಮೂವತ್ತಾರು ಮಕ್ಕಳು ಟವೆಲ್ ಕೆಳಗೆ ಕೈ ಇಟ್ಟು ಕಲಿತು, ನನ್ನನ್ನು ನಂಬಿ ಫೇಲಾಗಬಾರದು.

ಅಕ್ಕ

ಜನವರಿ ೧೯

ಅಕ್ಕಾ,

ಇದು ನಾಲ್ಕನೆಯ ಹಾಳೆ. ಮೂರನ್ನು ಹರಿದು ಹಾಕಿದೆ. "ಹೇಳಿಬಿಡಿ, ನಿಮ್ಮಕ್ಕ ನಿಮ್ಮನ್ನೇನು ತಿಂದುಬಿಡ್ತಾರಾ?" ಎಂದು ಇವಳು ಎದುರಿಗೇ ಕೂತಿದ್ದಾಳೆ. ತಿನ್ನುತ್ತೀಯೋ ಇಲ್ಲವೋ ಇವಳಿಗೇನು ಗೊತ್ತು.

ಯಂತ್ರ ಕೆಟ್ಟಿಲ್ಲ. ತಪ್ಪು ಪಾಠದಲ್ಲಿದೆ.

ಟೈಪ್‌ರೈಟರಿನಲ್ಲಿ ಸಾಲು ಮುಗಿದರೆ ನಾವೇ ಮುಂದಿನ ಸಾಲಿಗೆ ತಳ್ಳಬೇಕು. ಕಂಪ್ಯೂಟರಿನಲ್ಲಿ ಬೇಡ. ಜಾಗ ಮುಗಿದರೆ ಸಾಲು ತಾನಾಗಿ ಇಳಿಯುತ್ತದೆ. ಎಂಟರ್ ಒತ್ತಿದರೆ 'ಇಲ್ಲಿಗೆ ಮುಗಿಯಿತು, ಇದನ್ನು ಕದಲಿಸಬೇಡ' ಎಂದು ಅದಕ್ಕೆ ಆಜ್ಞೆ ಕೊಟ್ಟ ಹಾಗೆ. ಆಮೇಲೆ ಅಕ್ಷರ ದೊಡ್ಡದಾದರೆ, ಪಾಪ, ಮಿಕ್ಕ ಎರಡು ಪದವನ್ನು ಕೆಳಗೆ ಹಾಕಿ, ನಿನ್ನ ಆಜ್ಞೆಯಂತೆ ಅಲ್ಲೇ ನಿಲ್ಲುತ್ತದೆ. ಅದಕ್ಕೇ ಕುಂಟುವುದು. ಪ್ಯಾರಾ ಮುಗಿದಾಗ ಮಾತ್ರ ಎಂಟರ್. ಕೆಂಪು ಪಟ್ಟಿ ಕಿತ್ತುಬಿಡು. ನಿನ್ನ ಆ 'ಪ್ರಶ್ನೆಪತ್ರಿಕೆ' ಹುಡುಗಿ ಮೊದಲ ದಿನವೇ ಹೇಳಿದ್ದು ಸರಿ.

ನನಗಿದು ಜುಲೈಯಲ್ಲೇ ಗೊತ್ತಿತ್ತು. ಪಟ್ಟಿಯ ವಿಷಯ ಓದಿದ ಕೂಡಲೇ ಗೊತ್ತಾಯಿತು. ಬೆಕ್ಕಿಗೆ ಗಂಟೆ ಕಟ್ಟುವ ಧೈರ್ಯವಿರಲಿಲ್ಲ. ಹಿಂದೆ ಒಂದು ಸಲ ನಿಜ ಹೇಳಿದ್ದಕ್ಕೆ ಎರಡು ವರ್ಷ ನಿನ್ನ ಕಾಗದ ಬರಲಿಲ್ಲ. ಅಂಚೆಯವನು ಬೀದಿಯ ತಿರುವಿನಲ್ಲಿ ಕಂಡರೆ ಪ್ರೆಸ್ಸಿನಿಂದ ಹೊರಗೆ ಬಂದು ನಿಲ್ಲುತ್ತಿದ್ದೆ. ಅದು ಮತ್ತೆ ಬೇಡ ಎಂದು ಸುತ್ತಿ ಬಳಸಿ ಹೇಳಿದೆ. ಕಣ್ಣು ಮಂಜು ಎಂದದ್ದೂ ಸುಳ್ಳು. ಗಾತ್ರ ಏರಿಸಿದರೆ ನಿನಗೇ ಗೊತ್ತಾಗುತ್ತದೆ ಎಂದುಕೊಂಡೆ. ನೀನು ಅಪ್ಪನ ಕಣ್ಣು ನೆನೆದು ಹೆದರುತ್ತೀ ಎಂದು ನನಗೆ ಹೊಳೆಯಲಿಲ್ಲ. ತಪ್ಪಾಯಿತು.

ಇನ್ನೂ ಐವತ್ತು ದಿನ ಇದೆ. ಬೈಯಬೇಕಿದ್ದರೆ ಬೈ. ಮಾತು ಮಾತ್ರ ಬಿಡಬೇಡ.

ಗುಬ್ಬಿ

ಫೆಬ್ರವರಿ ೯

ಅಕ್ಕಾ,

ಮೂರು ವಾರವಾಯಿತು. ಕಾಗದ ತಲುಪಿತೋ ಇಲ್ಲವೋ ಗೊತ್ತಿಲ್ಲ. ತಲುಪದಿದ್ದರೆ ಮಕ್ಕಳ ಗತಿ ಏನು ಎಂಬ ಭಯ. ತಲುಪಿದ್ದರೆ ನನ್ನ ಗತಿ ಏನು ಎಂಬ ಭಯ. ಎರಡರ ನಡುವೆ ನಿನ್ನೆ ಒಂದು ಆಮಂತ್ರಣ ಪತ್ರದಲ್ಲಿ ವಧುವಿನ ಜಾಗದಲ್ಲಿ ವರನ ಹೆಸರು ಹಾಕಿದೆ. ಯಜಮಾನರು ನೋಡಿ ತಡೆದರು, ಇಲ್ಲದಿದ್ದರೆ ನಾನೂ ಗ್ರಂಥಾಲಯ ಹುಡುಕಬೇಕಿತ್ತು.

ಒಂದೇ ಪದ ಬರೆ ಸಾಕು. 'ಕತ್ತೆ' ಎಂದಾದರೂ ಬರೆ.

ಗುಬ್ಬಿ

ಫೆಬ್ರವರಿ ೧೭ (ಅಂಚೆ ಕಾರ್ಡು)

ಕತ್ತೆ. ಕಾಗದ ತಲುಪಿದೆ. ಬರೆಯಲು ಪುರುಸೊತ್ತಿಲ್ಲ. ಮೂವತ್ತಾರು ಬೆರಳಿಗೂ ಪ್ಲಾಸ್ಟರ್ ಹಾಕಿದ್ದೇನೆ. ಪರೀಕ್ಷೆ ಮುಗಿದ ಮೇಲೆ ಎಲ್ಲಾ ಬರೆಯುತ್ತೇನೆ. ಅಕ್ಕ.

ಫೆಬ್ರವರಿ ೨೪

ಅಕ್ಕಾ,

ಕಾರ್ಡು ನೋಡಿ ಜೀವ ಬಂತು, ಮುಗಿಸುವಷ್ಟರಲ್ಲಿ ಹೋಯಿತು. ಮೂವತ್ತಾರು ಬೆರಳಿಗೆ ಪ್ಲಾಸ್ಟರ್ ಯಾಕೆ? ಕೋಪದಲ್ಲಿ ಮಕ್ಕಳ ಕೈಗೆ ರೂಲುದೊಣ್ಣೆಯಿಂದ ಹೊಡೆದೆಯಾ? ತಪ್ಪು ಮಕ್ಕಳದ್ದಲ್ಲ. ಹೊಡೆಯಬೇಕಿದ್ದರೆ ನಾನು ರಜೆ ಹಾಕಿ ಬರುತ್ತೇನೆ, ನನ್ನ ಕೈಗೆ ಹೊಡೆ.

ಗುಬ್ಬಿ

ಮಾರ್ಚಿ ೧೩

ಗುಬ್ಬಿಗೆ,

ಮೊದಲು ಇದನ್ನು ಓದು, ಆಮೇಲೆ ಉಸಿರು ಬಿಡು: ಮೂವತ್ತಾರೂ ಪಾಸು. ಯಾರ ಬೆರಳಿಗೂ ಏನೂ ಆಗಿಲ್ಲ. ಕೊಠಡಿಯ ಬೀಗದ ಕೈ ನನ್ನ ಚೀಲದಲ್ಲೇ ಇದೆ.

ಈಗ ಮೊದಲಿನಿಂದ ಹೇಳುತ್ತೇನೆ. ನಿನ್ನ ಕಾಗದ ಓದಿ ನನಗೆ ಕೆಂಡದಂಥ ಕೋಪ ಬಂತು. ಅದು ಸರಿಯಾಗಿ ಒಂದು ಸಂಜೆ ಇತ್ತು. ನೀನು ತಪ್ಪು ಹೇಳಿದ್ದರೆ ಇನ್ನೂ ಎರಡು ವರ್ಷ ಇರುತ್ತಿತ್ತು. ಬೆಳಗ್ಗೆ ಮಕ್ಕಳು ಬರುವ ಮೊದಲೇ ಹೋಗಿ, ಬಾಗಿಲು ಹಾಕಿಕೊಂಡು, ಎಂಟರ್ ಒತ್ತದೆ ನಾಲ್ಕು ಸಾಲು ಟೈಪು ಮಾಡಿದೆ. ಸಾಲು ತಾನಾಗಿ ಇಳಿಯಿತು. ಗಾತ್ರ ಏರಿಸಿದೆ. ನೀರು ಹರಿದ ಹಾಗೆ ಹರಿದು, ಅಂಚಿನಲ್ಲಿ ನಿಂತಿತು. ಆರು ತಿಂಗಳು ಹನ್ನೆರಡು ಯಂತ್ರಗಳನ್ನು ಬೈದಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಎಷ್ಟು ಮಕ್ಕಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಆ ಕುಣಿಯಲಾರದವಳು ನಾನೇ ಎಂದು ಒಬ್ಬಳೇ ಕೂತು ನಕ್ಕೆ. ಸ್ವಲ್ಪ ಅತ್ತೆ ಕೂಡ. ನಿನಗೆ ಮಾತ್ರ ಹೇಳುತ್ತಿದ್ದೇನೆ.

ಇನ್ನೊಂದನ್ನೂ ನಿನಗೆ ಮಾತ್ರ ಹೇಳುತ್ತಿದ್ದೇನೆ. ಮೂರು ವಾರದ ತರಬೇತಿಗೆ ನಾನು ಹೋದದ್ದು ಒಂದೇ ದಿನ. ಅಲ್ಲಿ ಪಾಠ ಹೇಳುತ್ತಿದ್ದವಳು ನನ್ನ ಹಳೆಯ ವಿದ್ಯಾರ್ಥಿನಿ. ಅವಳ ಮುಂದೆ ಬೆಂಚಿನಲ್ಲಿ ಕೂರಲು ಮನಸ್ಸು ಒಪ್ಪಲಿಲ್ಲ, ಎದ್ದು ಬಂದೆ. ಮೂರು ವಾರ ಬೆಂಚಿನಲ್ಲಿ ಕೂತಿದ್ದರೆ ಆರು ತಿಂಗಳು ಉಳಿಯುತ್ತಿತ್ತು. ನೀನು ಕಣ್ಣಿನ ಸುಳ್ಳು ಹೇಳಿದೆ, ನಾನು ತರಬೇತಿಯ ಸುಳ್ಳು ಹೇಳಿದೆ. ಇಬ್ಬರೂ ಒಂದೇ ಮನೆಯ ಮಕ್ಕಳು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅವತ್ತೇ ಮಕ್ಕಳ ಮುಂದೆ ನಿಂತು, "ನಾನು ತಪ್ಪು ಹೇಳಿಕೊಟ್ಟೆ. ಇವಳು ಸರಿ ಹೇಳಿದ್ದಳು" ಎಂದೆ. ಪ್ರಶ್ನೆಪತ್ರಿಕೆ ಎದ್ದು ನಿಂತು ಏನು ಕೇಳಿದಳು ಗೊತ್ತೇ? "ಮಿಸ್, ಹಾಗಾದ್ರೆ ನಾನು ಮೂರು ಸಲ ಟೈಪ್ ಮಾಡಿದ್ದು ವೇಸ್ಟಾ?"

"ನಿನ್ನ ಬೆರಳಿಗೆ ವೇಸ್ಟಲ್ಲ. ಮಿಕ್ಕಿದ್ದಕ್ಕೆ ಕ್ಷಮಿಸಮ್ಮಾ" ಎಂದೆ.

"ಪರವಾಗಿಲ್ಲ ಮಿಸ್" ಎಂದಳು, ದೊಡ್ಡ ಮನಸ್ಸು ಮಾಡಿ.

ಪಟ್ಟಿ ಕೀಳುವುದು ಐದು ನಿಮಿಷದ ಕೆಲಸ. ಬೆರಳಿನ ಅಭ್ಯಾಸ ಕೀಳುವುದು ಹೇಗೆ? ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ನಾನು ಕಲಿಸಿದ ಗುಣವೂ ಹಾಗೆಯೇ. ಮಕ್ಕಳು ಬೇಡ ಬೇಡ ಎಂದುಕೊಂಡೇ ಸಾಲಿನ ಕೊನೆಗೆ ಟಪ್ ಎಂದು ಒತ್ತುತ್ತಿದ್ದರು. ನಾನೂ ಒತ್ತುತ್ತಿದ್ದೆ. ಎರಡು ವಾರ ಬೈದು ನೋಡಿದೆ, ಬೇಡಿ ನೋಡಿದೆ. ಕೊನೆಗೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತಂದು, ಮೂವತ್ತಾರು ಮಕ್ಕಳ ಬಲಗೈ ಕಿರುಬೆರಳಿಗೂ ಒಂದೊಂದು ಪ್ಲಾಸ್ಟರ್ ಸುತ್ತಿದೆ. ಬೆರಳು ಎಂಟರಿನ ಕಡೆ ಹೊರಟರೆ ಪ್ಲಾಸ್ಟರ್ ತಗುಲಿ ನೆನಪಾಗುತ್ತದೆ: ಪ್ಯಾರಾ ಮುಗಿಯಿತೇ? ಇಲ್ಲವೇ? ಹಾಗಾದರೆ ವಾಪಸು ಬಾ. ಮೂವತ್ತೇಳನೆಯದು ನನ್ನ ಬೆರಳಿಗೆ.

ಬೆಳಗಿನ ಪ್ರಾರ್ಥನೆಯಲ್ಲಿ ಹೆಡ್‌ಮಾಸ್ತರು ನೋಡಿ ಗಾಬರಿಯಾದರು. "ಏನಾಯ್ತು ಮೇಡಂ? ಕೊಠಡಿಯ ಬಾಗಿಲಿಗೆ ಸಿಕ್ಕಿಸಿಕೊಂಡ್ರಾ ಎಲ್ಲಾರೂ?" ಎಂದರು. ಇಲ್ಲ ಸಾರ್, ಪಾಠ ಎಂದೆ. ನೀನೂ ರೂಲುದೊಣ್ಣೆ ಎಂದುಕೊಂಡೆ. ನಿನ್ನ ಕೈಮೇಲೆ ನಾನು ಹೊಡೆದದ್ದು ಎರಡೇ ಸಲ ಗುಬ್ಬಿ. ಆದರೂ ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದೀಯ ಎಂದರೆ ಎರಡು ಸಲವೂ ಹೊಡೆಯಬಾರದಿತ್ತು.

ಪರೀಕ್ಷೆಗೆ ನಾಲ್ಕು ದಿನ ಇರುವಾಗ ಪ್ಲಾಸ್ಟರ್ ಬಿಚ್ಚಿಸಿದೆ. ಬೆರಳು ನೆನಪಿಟ್ಟುಕೊಂಡಿತ್ತು.

ಹತ್ತನೆಯ ತಾರೀಖು ಪರೀಕ್ಷಕರು ಬಂದರು. ತೆಳ್ಳಗಿನ ಮನುಷ್ಯ, ನಗುವ ಅಭ್ಯಾಸವಿಲ್ಲ. ಬಂದವರೇ ಪರದೆಗಳನ್ನು ನೋಡಿದರು. ಪಟ್ಟಿ ಹೋಗಿತ್ತು, ಎಷ್ಟು ಒರೆಸಿದರೂ ಅಂಟು ಹೋಗಿರಲಿಲ್ಲ. "ಇದೇನು ಗುರುತು?" ಎಂದರು. ಪಕ್ಕದಲ್ಲೇ ಹೆಡ್‌ಮಾಸ್ತರು. ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದಾರೆ. ಏನೋ ಒಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. "ಸಾಲು ಎಲ್ಲಿ ಮುಗಿಸಬೇಕು ಅಂತ ನಾನು ಪಟ್ಟಿ ಅಂಟಿಸಿದ್ದೆ ಸಾರ್. ತಪ್ಪು ಅಂತ ಗೊತ್ತಾದ ಮೇಲೆ ಕಿತ್ತೆ" ಎಂದೆ. ಅವರು ಪುಸ್ತಕದಲ್ಲಿ ಏನೋ ಬರೆದುಕೊಂಡರು.

ಮಕ್ಕಳು ಹನ್ನೆರಡರ ಮೂರು ತಂಡವಾಗಿ ಟೈಪಿಗೆ ಕೂತರು. ಅಭ್ಯಾಸ ನೋಡು, ಟವೆಲ್ ಇಲ್ಲದಿದ್ದರೂ ಒಬ್ಬರೂ ಕೀ ನೋಡಲಿಲ್ಲ. ಅರ್ಧ ಗಂಟೆಯ ಕೆಲಸವನ್ನು ಹದಿನೈದು ನಿಮಿಷಕ್ಕೆ ಮುಗಿಸಿ ಕೈ ಕಟ್ಟಿ ಕೂತರು. "ಈಗ ಗಾತ್ರ ಏರಿಸಿ" ಎಂದರು ಪರೀಕ್ಷಕರು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಹನ್ನೆರಡು ಪರದೆಗಳಲ್ಲೂ ಸಾಲು ನೆಟ್ಟಗೆ ನಿಂತಿತ್ತು. ಎರಡನೆಯ ತಂಡದಲ್ಲಿ ಒಬ್ಬ ಮಾತ್ರ ಒಂದು ಕಡೆ ಎಂಟರ್ ಒತ್ತಿಬಿಟ್ಟಿದ್ದ. ಸಾಲು ಒಡೆದದ್ದು ಕಂಡು ತಾನೇ ಹಿಂದಕ್ಕೆ ಹೋಗಿ, ಅಳಿಸಿ ಸೇರಿಸಿದ. ಸಮಯ ಬೇಕಾದಷ್ಟು ಉಳಿದಿತ್ತು. ಪರೀಕ್ಷಕರು ಅವನ ಹಿಂದೆ ನಿಂತು ನೋಡಿದರು.

ಹೋಗುವಾಗ ಹೆಡ್‌ಮಾಸ್ತರ ಮುಂದೆ ಹೇಳಿದರು: "ಒಡೆದದ್ದು ಯಾಕೆ ಒಡೀತು ಅಂತ ಗೊತ್ತಿರೋ ಕ್ಲಾಸು ನಾನು ಈ ವರ್ಷ ಇದೊಂದೇ ನೋಡಿದ್ದು." ಹೆಡ್‌ಮಾಸ್ತರು ನನ್ನ ಕಡೆ ತಿರುಗಿ, "ಮೇಡಂ, ಮುಂದಿನ ವರ್ಷ ಹತ್ತನೆಯದಕ್ಕೂ ನೀವೇ" ಎಂದರು. ಅವತ್ತು ಎರಡು ತಟ್ಟೆ ಊಟ ಮಾಡಿದೆ.

ನನಗೆ ಇವತ್ತಿಗೂ ಸಂಕಟವಾಗುವುದು ಒಂದೇ. ಅಂಚೆಯವನಿಗಾಗಿ ಪ್ರೆಸ್ಸಿನ ಹೊರಗೆ ನಿಲ್ಲುತ್ತಿದ್ದೆ ಎಂದು ಬರೆದೆಯಲ್ಲ, ಅದು. ಆ ಎರಡು ವರ್ಷ ನಾನೂ ನಿಲ್ಲುತ್ತಿದ್ದೆ. ನೀನೇ ಮೊದಲು ಬರೆಯಲಿ ಎಂದು ಕಾಯುತ್ತಿದ್ದೆ, ಹೆಡ್ಡಿ. ಇನ್ನು ಮೇಲೆ ನನ್ನ ತಪ್ಪು ಕಂಡರೆ ಜುಲೈಯದ್ದನ್ನು ಜುಲೈಯಲ್ಲೇ ಹೇಳು. ಒಂದು ಸಂಜೆ ಕೋಪ ಮಾಡಿಕೊಳ್ಳುತ್ತೇನೆ, ಅಷ್ಟಕ್ಕೆ ಅಪ್ಪಣೆ ಕೊಡು.

ನಿನ್ನ ಕಣ್ಣು ಚೆನ್ನಾಗಿದೆ ಎಂದು ತಿಳಿದು ಸಮಾಧಾನವಾಯಿತು. ಪಾಸಾದ ಸುದ್ದಿಗಿಂತಲೂ ಅದಕ್ಕೇ ಹೆಚ್ಚು. ಆದರೂ ಈ ಕಾಗದ ಪೂರ್ತಿ ಟೈಪು ಮಾಡಿದ ಮೇಲೆ ಗಾತ್ರವನ್ನು ಹದಿನೆಂಟಕ್ಕೆ ಏರಿಸಿದ್ದೇನೆ. ಒಡಹುಟ್ಟಿದ ಅಕ್ಕ ಆರು ತಿಂಗಳು ಹುಲಿಯ ಹಾಗೆ ಕಂಡ ಕಣ್ಣಿಗೆ ಅಷ್ಟಾದರೂ ದೊಡ್ಡಕ್ಷರ ಬೇಕು. ನಿನ್ನ ಹೆಂಡತಿಗೆ ಕೊಟ್ಟು ಓದಿಸು. ಕವಿತೆ ಎಲ್ಲಾದರೂ ಸಿಕ್ಕಿತೇ, ಕೇಳು.

ಒಂದು ಸಾಲೂ ಒಡೆದಿಲ್ಲ, ನೋಡಿಕೋ.

ಅಕ್ಕ